ಎಡಗಾಲಲ್ಲಿ ಮೂರು ಸಲ

ಎಡಗಾಲಿಗೆ ಸಾಕ್ಸ್ ಹತ್ತಲೇ ಇಲ್ಲ. ಮೋಹನ್ ಕುಮಾರ್ ಮಂಚದ ಅಂಚಿನಲ್ಲಿ ಕೂತು ಮೂರನೇ ಸಲ ಬಗ್ಗಿದ. ಸೊಂಟದಲ್ಲಿ ಹೊರಟ ನೋವು ತೊಡೆಯ ಹಿಂಭಾಗವನ್ನು ಸೀಳಿಕೊಂಡು ಹಿಮ್ಮಡಿಗೆ ಇಳಿಯಿತು. "ಅಯ್ಯಪ್ಪಾ" ಎಂದ, ಬಾಗಿಲವರೆಗೆ ಕೇಳಿಸುವಷ್ಟು ಜೋರಾಗಿ.

ಬಾಗಿಲಲ್ಲಿ ಹೆಂಡತಿ ಸುನಂದಾ ಕಾಫಿ ಹಿಡಿದು ನಿಂತಿದ್ದಳು. ಲೋಟವನ್ನು ಕಿಟಕಿಯ ಕಟ್ಟೆಯ ಮೇಲಿಟ್ಟು, "ಬಸ್ಸಿಗೆ ಹೊತ್ತಾಯ್ತು" ಎಂದು ಹೋದಳು.

ಇಪ್ಪತ್ಮೂರು ದಿನ. ನೋಯ್ತಿದೆಯಾ ಎಂದು ಅವಳು ಒಂದು ಸಲವೂ ಕೇಳಿರಲಿಲ್ಲ. ಊಟಕ್ಕೆ ಕಮ್ಮಿಯಿಲ್ಲ, ಮಾತ್ರೆಯ ಹೊತ್ತಿಗೆ ಸರಿಯಾಗಿ ನೀರು, ರಾತ್ರಿ ಬಿಸಿನೀರಿನ ಚೀಲ. ಆ ಒಂದು ಮಾತು ಮಾತ್ರ ಇಲ್ಲ. ಕಾಲು ವಾಸಿಯಾಗುವುದಕ್ಕಿಂತ ಈಗ ಅವನಿಗೆ ಆ ಮಾತು ಬೇಕಾಗಿತ್ತು. ಕೇಳಿದ್ದರೆ ಮಾನ ಮರ್ಯಾದೆ ಬಿಟ್ಟು ಅತ್ತುಬಿಡುತ್ತಿದ್ದ. ಆದರೆ ಕೇಳು ಎಂದು ಕೇಳುವುದು ಹೇಗೆ?

ಒಂದೇ ಕಾಲಿಗೆ ಸಾಕ್ಸ್ ಹಾಕಿಕೊಂಡು ಹೊರಟ. ಜಗಲಿಯಲ್ಲಿ ಅವ್ವ ಚಿಕ್ಕಗೌರಮ್ಮ ಎಲೆಅಡಿಕೆ ಕುಟ್ಟುತ್ತಿದ್ದಳು.

"ಲೇ ಮೋಹ್ನ, ಇವತ್ತು ಮಂಗಳವಾರ. ಹೊತ್ತು ಮುಳುಗೋದ್ರೊಳಗೆ ಬಂದ್ಬುಡು. ಸುನಂದನ ಕೈಲಿ ಸೊಂಟ ತುಳುಸ್ತೀನಿ. ಕಾಲು ಮುಂದಾಗಿ ಹುಟ್ಟಿದೋಳು ಕಣ್ಲಾ ಅವ್ಳು, ಅಂಥೋರು ತುಳುದ್ರೆ ನೋವು ಬುಟ್ಟೋಯ್ತದೆ. ಮನೇಲೇ ಮದ್ದು ಮಡಿಕ್ಕೊಂಡು ಆಸ್ಪತ್ರೆ ಸುತ್ತುತೀಯಲ್ಲ!"

"ನಾನು ಫಿಸಿಕ್ಸ್ ಮೇಷ್ಟ್ರು ಕಣವ್ವ."

"ಮೇಷ್ಟ್ರಿಗೆ ಸೊಂಟ ಇರಾಕಿಲ್ವ?"

ದಬ್ಬೇಘಟ್ಟದ ಕಡೆಯಿಂದ ಬಂದ ಬಸ್ಸಿನಲ್ಲಿ ಸೀಟಿತ್ತು. ಕೂತರೆ ನೋವು ಹೆಚ್ಚು, ಅದಕ್ಕೇ ನಿಂತ. ತುರುವೇಕೆರೆ ಬರುವವರೆಗೂ ಕಂಡಕ್ಟರು ಇವನನ್ನು ಅನುಮಾನದಿಂದ ನೋಡಿದ.

ಹೋದ ವಾರ ಡಾಕ್ಟರು ಹೇಳಿದ್ದರು: "ಸಯಾಟಿಕಾ ಇರಬಹುದು. ಬಗ್ಗಿ ಭಾರ ಎತ್ತಬೇಡಿ. ಒಂದೇ ಕಡೆ ಕೂರಬೇಡಿ, ಆದಷ್ಟು ಓಡಾಡಿ. ಕಮ್ಮಿಯಾಗದಿದ್ದರೆ ಸ್ಕ್ಯಾನಿಂಗ್ ಮಾಡಿಸೋಣ." ಉತ್ತರಪತ್ರಿಕೆಯಲ್ಲಿ 'ಇರಬಹುದು' ಎಂದು ಬರೆದ ಹುಡುಗರಿಗೆ ಸೊನ್ನೆ ಸುತ್ತುವ ಮನುಷ್ಯ ಮೋಹನ್. ಇರಬಹುದಂತೆ!

ಅದಕ್ಕೂ ಮೊದಲು ಡಾಕ್ಟರು ಅವನನ್ನು ಅಂಗಾತ ಮಲಗಿಸಿ, ಮಂಡಿ ಮಡಿಸದೆ ಎಡಗಾಲನ್ನು ಮೇಲೆತ್ತಿದ್ದರು. ಮೂವತ್ತು ಡಿಗ್ರಿಗೆ ಕಿರುಚಿದ್ದ. ಡಾಕ್ಟರು ತಕ್ಷಣ ಕೆಳಗಿಳಿಸಿದ್ದರು.

ಆ ಪರೀಕ್ಷೆ ಅವನಿಗೆ ಹೊಸದಲ್ಲ. ಹೋದ ವರ್ಷ ಅಟ್ಟದ ಕಾಯಿ ಇಳಿಸಿ ಕೊಬ್ಬರಿ ಮಾಡುವಾಗ, ಸುನಂದಾ ಆಳುಗಳ ಜೊತೆ ಒಂದು ತಿಂಗಳು ಕೂತು ಚಿಪ್ಪು ಬಿಡಿಸಿದ್ದಳು. ಆಮೇಲೆ ಎಡಗಾಲು ಎಳೆಯುತ್ತದೆ ಎಂದಳು. ನಿಜವೋ ನೆಪವೋ ನೋಡಿಯೇಬಿಡೋಣ ಎಂದು ಇವನು ಮೊಬೈಲಿನಲ್ಲಿ ಓದಿಕೊಂಡ. ನಡುಮನೆಯಲ್ಲಿ, ಅವಳ ಅಣ್ಣನ ಎದುರಿಗೇ, ಅವಳನ್ನು ಚಾಪೆಯ ಮೇಲೆ ಮಲಗಿಸಿ ಕಾಲೆತ್ತಿದ. ಮೂವತ್ತಕ್ಕೆ ಅವಳು ಕಿರುಚಿದಳು. ಇವನು ನಲವತ್ತೈದರವರೆಗೂ ಎತ್ತಿದ. ಜಾರುತ್ತಿದ್ದ ಸೀರೆಯನ್ನು ಅವಳು ಎರಡೂ ಕೈಯಲ್ಲಿ ಹಿಡಿದುಕೊಂಡಿದ್ದಳು. "ಇಷ್ಟು ಗಂಟಲಿದೆ ಅಂದ್ಮೇಲೆ ಕಾಲಿಗೇನಾಗಿದೆ?" ಎಂದು ನಕ್ಕ. ಅವಳ ಅಣ್ಣನೂ ನಕ್ಕ. ಅಲ್ಲಿಂದಾಚೆಗೆ ಅವಳು ಕಾಲಿನ ಸುದ್ದಿ ಎತ್ತಲಿಲ್ಲ. ವಾಸಿಯಾಯಿತು ಎಂದುಕೊಂಡ. ಹಾಗೆ ಅಂದುಕೊಳ್ಳುವುದು ಸುಲಭವಾಗಿತ್ತು.

ಸ್ಟಾಫ್ ರೂಮಿನಲ್ಲಿ ಅವ್ವನ ಮದ್ದಿನ ಸುದ್ದಿ ಕೇಳಿ ಕೆಮಿಸ್ಟ್ರಿಯ ಮರುಳಪ್ಪ ನಕ್ಕರು. "ತುಳಿಸ್ಕೊಳ್ರೀ, ಏನ್ ಗಂಟು ಹೋಯ್ತದೆ?"

"ಮೂಢನಂಬಿಕೆ ಕಣ್ರೀ."

"ಹೆಂಡ್ತಿ ಕಾಲು ಅಂತ ನಾಚ್ಕೆನಾ?"

 ಸುನಂದಾ ಕೊನೆಯ ಸಲ ತನ್ನನ್ನು ಮುಟ್ಟಿದ್ದು ಯಾವಾಗ ಎಂದು ಮೋಹನ್ ಲೆಕ್ಕ ಹಾಕಿದ. ಸಿಕ್ಕಲಿಲ್ಲ. ಎರಡು ಗಂಟೆಗೆ ರಜೆ ಬರೆದುಕೊಟ್ಟ.

ಸಂಜೆ ಹಿತ್ತಲಲ್ಲಿ ಸುನಂದಾ ಕಾಲು ತೊಳೆದುಕೊಳ್ಳುತ್ತಿದ್ದಳು. ಅವನು ಬನಿಯನ್ನಿನಲ್ಲಿ ನಿಂತು ಕೇಳಿದ.

"ನಿನ್ನ ಕಾಲು ಯಾವಾಗ ವಾಸಿಯಾಯ್ತು?"

"ಆಗಿದೆ ಅಂದೋರ್ಯಾರು?"

"ಹೇಳ್ಲೇ ಇಲ್ವಲ್ಲ."

"ಹೇಳಿದ್ನಲ್ಲ" ಎಂದು ಚೊಂಬು ಬೋರಲು ಹಾಕಿದಳು.

ಮೋಹನ್ ಹೊಸಿಲಿಗೆ ಅಡ್ಡವಾಗಿ ಬೋರಲು ಮಲಗಿದ. ತಲೆ ಜಗಲಿಯಲ್ಲಿ, ಕಾಲು ಮನೆಯೊಳಗೆ. ಅವ್ವ ಕಟ್ಟಳೆ ಹೇಳಿದಳು: ಎಡಗಾಲಲ್ಲಿ ಮೂರು ಸಲ. ತುಳಿಯೋಳು ಮಾತಾಡಬಾರದು. ತುಳಿಸಿಕೊಳ್ಳೋನು ತಿರುಗಿ ನೋಡಬಾರದು.

ಮೊದಲನೆಯ ಸಲ ಒದ್ದೆ ಪಾದ ಹೂವಿಟ್ಟಂತೆ ಕೂತು ಎದ್ದಿತು. ಬನಿಯನ್ನು ತಣ್ಣಗಾಯಿತು. ಅವನ ಕಣ್ಣಲ್ಲಿ ನೀರು ಬಂತು. ಇವಳಿಗೆ ಇನ್ನೂ ಕನಿಕರವಿದೆ ಎಂದು ಸಂತೋಷಪಟ್ಟ, ಮಗುವಿನ ಹಾಗೆ.

ಎರಡನೆಯದು ಹಿಮ್ಮಡಿ. ಡಾಕ್ಟರು ಅದುಮಿ ಅದುಮಿ ಹುಡುಕಿದ ಜಾಗವನ್ನು ಅದು ಒಂದೇ ಏಟಿಗೆ ಹಿಡಿಯಿತು. ಹುಡುಕುವ ಕಷ್ಟ ಅವಳಿಗಿರಲಿಲ್ಲ. ಒಂದು ವರ್ಷದಿಂದ ಅವಳ ಮೈಯಲ್ಲೇ ಇದ್ದ ಜಾಗ ಅದು. ಮೋಹನ್ ತುಟಿ ಕಚ್ಚಿದ.

ಮೂರನೆಯ ಸಲ ಅದೇ ಜಾಗಕ್ಕೆ ಇಟ್ಟ ಕಾಲನ್ನು ಅವಳು ಎತ್ತಲಿಲ್ಲ. ಭಾರ ಏರುತ್ತ ಹೋಯಿತು.

"ನೋಯ್ತಿದೆಯಾ?" ಎಂದಳು ಸುನಂದಾ.

"ಅಯ್ಯೋ ಮೂದೇವಿ, ಮಾತಾಡ್ಬಾರ್ದು ಅಂದ್ನಲ್ಲೇ! ಎಲ್ಲಾ ಹಾಳಾಯ್ತು" ಎಂದು ಅವ್ವ ಒಳಗಿನಿಂದ ಕೂಗಿದಳು.

ದನಿಯಲ್ಲಿ ಏನಿತ್ತು? ಮರುಕವೋ, ತಮಾಷೆಯೋ, ಬರೀ ವಿಚಾರಣೆಯೋ. ಮುಖ ನೋಡಿದ್ದರೆ ತಿಳಿಯುತ್ತಿತ್ತು. ತಿರುಗಬಾರದೆಂಬ ಕಟ್ಟಳೆಯನ್ನು ಫಿಸಿಕ್ಸ್ ಮೇಷ್ಟ್ರು ಪಾಲಿಸಿದ. ಬಾಯಿ ತನ್ನಷ್ಟಕ್ಕೆ ತಾನೇ ಹೇಳಿತು:

"ಇಲ್ಲ."

"ಸರಿ."

ಬಲಗಾಲನ್ನೂ ಎತ್ತಿಟ್ಟು ಅವನ ಮೇಲೆ ನಿಂತಳು.

"ಇಳಿಯೇ! ದೀಪ ಹಚ್ಚೋ ಹೊತ್ನಲ್ಲಿ ಹೊಸ್ಲ ಮೇಲೆ ನಿಂತ್ಕತಾರಾ?"

"ಹೊಸ್ಲ ಮೇಲೆಲ್ಲಿ ನಿಂತಿದ್ದೀನತ್ತೆ?"

ಬೀದಿಯಲ್ಲಿ ಡೈರಿಗೆ ಹಾಲು ಹಾಕಿ ಬರುತ್ತಿದ್ದ ಪಕ್ಕದ ತೋಟದ ಚಿಕ್ಕರಂಗಯ್ಯ ನಿಂತ. ಜಗಲಿಯ ಗಿಡ್ಡ ಗೋಡೆಯಾಚೆಗೆ ಅವನಿಗೆ ಕಂಡದ್ದು ಸುನಂದಾ ಮಾತ್ರ.

"ಏನವ್ವಾ, ಇವತ್ತು ಎತ್ತರವಾಗಿ ಕಾಣ್ತೀಯ?"

"ಏನಿಲ್ಲ ಕಣಣ್ಣ. ಸುಮ್ನೆ ಗಾಳಿಗೆ ನಿಂತಿದ್ದೀನಿ."

"ಮೇಷ್ಟ್ರ ಕಾಲು ಹೆಂಗೈತೆ?"

"ನೋವಿಲ್ವಂತೆ."

ಚಿಕ್ಕರಂಗಯ್ಯ ಒಳ್ಳೇದಾಯ್ತು ಬುಡು ಎಂದು ಹೊರಟುಹೋದ. ಇಳಿ ಎಂದರೆ ಅವಳು ಇಳಿಯುತ್ತಾಳೆ, ಮೋಹನನಿಗೆ ಗೊತ್ತಿತ್ತು. ಇಳಿದು, ಒಳಗೆ ಹೋಗಿ, ರಾತ್ರಿಯ ಸಾರಿಗೆ ಸೊಪ್ಪು ಸೋಸುತ್ತಾಳೆ. ಅವನು ಜಗಲಿಯ ಸಿಮೆಂಟಿಗೆ ಹಲ್ಲು ಒತ್ತಿಕೊಂಡು ಸುಮ್ಮನಿದ್ದ. ಮೇಲೆ ಸುನಂದಾ ಬೀದಿ ನೋಡುತ್ತ ನಿಂತಿದ್ದಳು, ನೋಯುವ ಎಡಗಾಲಿನ ಭಾರವನ್ನು ಆಗಾಗ ಬಲಗಾಲಿಗೆ ದಾಟಿಸುತ್ತ.