ತಟ್ಟೆಯ ನೀರು ಹೆಪ್ಪುಗಟ್ಟಿದ ದಿನ

ಏಪ್ರಿಲ್ ತಿಂಗಳ ಒಂದು ಗುರುವಾರ, ಮಧ್ಯಾಹ್ನ ಮೂರು ಗಂಟೆ. ಹ್ರೌನ್‌ಕೋಟ್ ಎಂಬ ಕುರಿ ಫಾರಂನ ಲಾವಾ ಗುಹೆಯ ಬಾಯಂಚಿನಿಂದ ಎಲೆಕೋಸಿನ ಗಾತ್ರದ ಕಲ್ಲೊಂದು ಕಳಚಿ ಕೇಟಿಲ್‌ನ ತಲೆಯ ಮೇಲೆ ಬಿತ್ತು. ಅವನ ತಲೆಯ ಮೇಲಿದ್ದುದು ಉಣ್ಣೆಯ ಟೋಪಿ ಮಾತ್ರ.

ಗುಹೆ ಇರುವುದು ಅವನದೇ ಜಮೀನಿನಲ್ಲಿ. ತಪ್ಪಿಸಿಕೊಂಡ ಕುರಿಗಳನ್ನು ಹುಡುಕಿಕೊಂಡು ಆ ಮನೆಯವರು ಅಜ್ಜನ ಕಾಲದಿಂದಲೂ ಅದರೊಳಗೆ ಇಳಿಯುತ್ತಿದ್ದಾರೆ. ಈಚೆಗೆ ಪ್ರವಾಸಿಗರೂ ಬರತೊಡಗಿದ್ದಾರೆ. ಅವರಿಗೆಂದು ಕುರಿಕೊಟ್ಟಿಗೆಯ ಪಕ್ಕದ ಶೆಡ್ಡಿನಲ್ಲಿ ಹೆಲ್ಮೆಟ್‌ಗಳನ್ನು ಸಾಲಾಗಿ ನೇತುಹಾಕಿದೆ. ಮನೆಯವರು ಅವನ್ನು ಮುಟ್ಟುವುದಿಲ್ಲ. ಅವು ಪ್ರವಾಸಿಗರವು.

ಅವತ್ತು ಬೇಸಿಗೆಯ ಮೊದಲ ದಿನ. ಹೊಲದಲ್ಲಿ ಇನ್ನೂ ಹಿಮವಿತ್ತು, ಆದರೆ ಐಸ್‌ಲ್ಯಾಂಡಿನ ಕ್ಯಾಲೆಂಡರು ಹಿಮವನ್ನು ಕೇಳಿ ಬೇಸಿಗೆ ಶುರು ಮಾಡುವುದಿಲ್ಲ. ರಜೆಯ ದಿನ, ಮಕ್ಕಳಿಗೆ ಉಡುಗೊರೆಯ ದಿನ. ಹಿಂದಿನ ಸಂಜೆ ಒಂದು ತಟ್ಟೆಯಲ್ಲಿ ನೀರು ತುಂಬಿ ಹೊರಗಿಡುವುದು ವಾಡಿಕೆ. ಬೆಳಗ್ಗೆ ಅದು ಹೆಪ್ಪುಗಟ್ಟಿದ್ದರೆ ಚಳಿಗಾಲ, ಬೇಸಿಗೆ ಸೇರಿ ಹೆಪ್ಪುಗಟ್ಟಿದವೆಂದು ಲೆಕ್ಕ; ವರ್ಷ ಒಳ್ಳೆಯದು.

"ಹಾಲ್ಬೇರಾ, ನೋಡಿಲ್ಲಿ! ಕಿಟಕಿ ಗಾಜಿನ ಹಾಗಾಗಿದೆ," ಎಂದು ಕೇಟಿಲ್ ತಟ್ಟೆಯನ್ನು ತಂದು ಅಡುಗೆಮನೆಯ ಮೇಜಿನ ಮೇಲಿಟ್ಟ. "ಚಳಿಗಾಲ, ಬೇಸಿಗೆ ಎರಡೂ ಸೇರಿ ಹೆಪ್ಪುಗಟ್ಟಿವೆ. ಈ ಸಲ ಕುರಿ ಹಾಲು ಬರೀ ಕೆನೆ!"

ಹಾಲ್ಬೇರಾ ಅವನ ತಂಗಿ. ಗಂಡ ಸಮುದ್ರದಲ್ಲಿ ತೀರಿಕೊಂಡ ಮೇಲೆ ಮಗಳು ಇಲ್ವಾಳನ್ನು ಕರೆದುಕೊಂಡು ಅಣ್ಣನ ಮನೆಗೆ ಬಂದವಳು. ಇನ್ನು ಮೂರು ವಾರಕ್ಕೆ ಕುರಿಗಳು ಮರಿ ಹಾಕುತ್ತವೆ. ಹಗಲಿರುಳು ಕೊಟ್ಟಿಗೆಯಲ್ಲಿ ನಿಂತು ಮರಿ ತೆಗೆಯಲು ಆ ಮನೆಗಿದ್ದುದು ಕೇಟಿಲ್‌ನ ಎರಡು ಕೈ.

"ಮಾಮ, ನನ್ನ ಉಡುಗೊರೆ?" ಎಂದಳು ಇಲ್ವಾ.

"ಗುಹೆಯಲ್ಲಿದೆ. ನಿನಗಿಂತ ಎತ್ತರದ ಮಂಜುಗಡ್ಡೆಯ ಕಂಬಗಳು. ತಿಂಡಿ ಮುಗಿಸು, ಮಧ್ಯಾಹ್ನ ಊಟ ಆದ್ಮೇಲೆ ಹೋಗೋಣ."

ಅಷ್ಟರಲ್ಲಿ ಪಕ್ಕದ ಮನೆಯ ಸ್ವಾನ್‌ಬೋರ್ಗ್ ಕಾಫಿಗೆಂದು ಬಂದಳು. ಪ್ರವಾಸಿಗರನ್ನು ಗುಹೆಗೆ ಕರೆದೊಯ್ಯುವುದು ಅವಳ ಕೆಲಸ. ಊರಿನ ರಕ್ಷಣಾ ತಂಡದಲ್ಲೂ ಇದ್ದಾಳೆ.

"ಇವತ್ತು ನಾನು ಯಾರನ್ನೂ ಇಳಿಸ್ತಿಲ್ಲ," ಎಂದಳು. "ರಾತ್ರಿ ಹೆಪ್ಪು, ಹಗಲು ಬಿಸಿಲು. ಗುಹೆ ಬಾಯಿಯ ಕಲ್ಲುಗಳನ್ನ ನಂಬೋ ಹಾಗಿಲ್ಲ."

ಕೇಟಿಲ್ ನಕ್ಕ. "ಪ್ರವಾಸಿಗರಿಗೆ ಹೇಳು ಅದನ್ನ. ನಾನು ಹಾಲುಹಲ್ಲಿನ ಕಾಲದಿಂದ ಇಳೀತಿದೀನಿ. ಆ ಗುಹೆಗೆ ನನ್ನ ಗುರುತಿದೆ."

"ಗುಹೆಗೆ ಯಾರ ಗುರುತೂ ಇಲ್ಲ ಕಣೋ. ಕಲ್ಲು ಬೀಳೋ ಮುಂಚೆ ನೀನು ಮನೆಯವನಾ, ಹೊರಗಿನವನಾ ಅಂತ ಕೇಳಲ್ಲ."

ಅವಳು ತಟ್ಟೆಯನ್ನು ಕಿಟಕಿಯ ಬಿಸಿಲಿಗೆ ಸರಿಸಿದಳು. ಮಾತು ಕುರಿಯ ಕಡೆ, ಮೇವಿನ ಕಡೆ ಹೋಯಿತು. ಎರಡನೆಯ ಲೋಟ ಕಾಫಿ ಮುಗಿದಾಗ ಸ್ವಾನ್‌ಬೋರ್ಗ್ ತಟ್ಟೆಯನ್ನು ಮೆಲ್ಲಗೆ ಓರೆ ಮಾಡಿದಳು. ಮಂಜಿನ ಬಿಲ್ಲೆ ಇಡಿಯಾಗಿ ಜಾರಿ ಮೇಜಿನ ಮೇಲೆ ಬಿತ್ತು.

"ಬೆಳಗ್ಗೆ ಇದನ್ನ ಕೀಳೋಕೆ ಆಗ್ತಿತ್ತಾ? ಬಂಡೆ ಬಿರುಕಿನೊಳಗೂ ಇದೇ ಆಗೋದು. ನೀರು ಹೆಪ್ಪುಗಟ್ಟಿದಾಗ ಉಬ್ಬುತ್ತೆ, ಕಲ್ಲನ್ನ ಸಡಿಲ ಮಾಡುತ್ತೆ. ಮಂಜಿರೋ ತನಕ ಅದೇ ಅಂಟಿನ ಹಾಗೆ ಹಿಡ್ಕೊಂಡಿರುತ್ತೆ. ಮಧ್ಯಾಹ್ನ ಕರಗಿತೋ, ಅಂಟು ಬಿಡ್ತು. ನೀನು ಶುಭ ಅಂತಿದೀಯಲ್ಲ, ನನಗೆ ಭಯ ಆಗೋದು ಅದಕ್ಕೇ."

"ಎಷ್ಟು ಚೆನ್ನಾಗಿ ಹೇಳ್ತೀಯೇ! ರೇಡಿಯೋದವರು ಕೇಳಿದ್ರೆ ಬಿಡಲ್ಲ ನಿನ್ನ," ಎಂದು ಕೇಟಿಲ್ ಕುರಿಗಳಿಗೆ ಮೇವು ಹಾಕಲು ಬೂಟು ಏರಿಸಿದ.

ಸ್ವಾನ್‌ಬೋರ್ಗ್ ಹಾಲ್ಬೇರಾಳ ಕಡೆ ತಿರುಗಿದಳು. "ಇವನಂತೂ ಕೇಳಲ್ಲ. ಎಲ್ಲರೂ ಹೆಲ್ಮೆಟ್ ಹಾಕ್ಕೊಳ್ಳಿ. ಒಬ್ಬೊಬ್ಬರಿಗೆ ಎರಡೆರಡು ದೀಪ ಇರಲಿ. ಎಷ್ಟು ಹೊತ್ತಿಗೆ ವಾಪಸ್ಸು?"

"ಮೂರೂವರೆಗೆ."

"ಆ ಹೊತ್ತಿಗೆ ಕಾಣದಿದ್ರೆ ನಾನೇ ಬರ್ತೀನಿ."

ಮಧ್ಯಾಹ್ನ ಊಟ ಮುಗಿಸಿ ಹೊರಡುವಾಗ ಹಾಲ್ಬೇರಾ ಶೆಡ್ಡಿಗೆ ಹೋದಳು. ಮಗಳಿಗೆ ಚಿಕ್ಕದೊಂದು ಹೆಲ್ಮೆಟ್ ತೆಗೆದುಕೊಂಡಳು. ಅಣ್ಣನಿಗೆಂದು ಇನ್ನೊಂದರ ಮೇಲೆ ಕೈಯಿಟ್ಟಳು. ಐವತ್ತು ದಾಟಿದವನಿಗೆ, ಅವನದೇ ಗುಹೆಗೆ ಹೋಗಲು ಇದನ್ನು ಹೇಗೆ ಕೊಡುವುದು? ಮುಖ ಸಣ್ಣದು ಮಾಡಿಕೊಳ್ಳುತ್ತಾನೆ. ಕೈ ಹಿಂದಕ್ಕೆ ತೆಗೆದಳು. ತಾನೂ ಉಣ್ಣೆಯ ಟೋಪಿಯಲ್ಲೇ ಹೊರಟಳು.

"ಓಹೋ, ನಮ್ಮನೆಗೂ ಪ್ರವಾಸಿ ಬಂದ್ರು!" ಎಂದು ಕೇಟಿಲ್ ಇಲ್ವಾಳ ಹೆಲ್ಮೆಟ್ಟಿನ ಮೇಲೆ ಬೆರಳಿನಿಂದ ಕುಟ್ಟಿದ.

ಗುಹೆಯೊಳಗೆ ಬೇಸಿಗೆ ಇರಲಿಲ್ಲ. ಚಳಿಗಾಲವಿಡೀ ಬೆಳೆದ ಮಂಜು ಏಪ್ರಿಲ್‌ನಲ್ಲೇ ಅಲ್ಲಿ ಅತಿ ದಪ್ಪ. ನೆಲ ಜಾರುತ್ತಿತ್ತು. ಮಾತಿನ ಜೊತೆ ಬಾಯಿಂದ ಹಬೆ ಬರುತ್ತಿತ್ತು. ದೀಪದ ಬೆಳಕಿನಲ್ಲಿ ಕಂಬಗಳು ಒಂದೊಂದಾಗಿ ಕಂಡವು, ಬೆಳಕು ಸರಿದಾಗ ಇಲ್ಲವಾದವು. ಇಲ್ವಾ ಒಂದನ್ನು ಅಪ್ಪಿಕೊಳ್ಳಲು ಹೋದಳು. "ಮುಟ್ಟಬೇಡ, ಮುರಿಯುತ್ತೆ," ಎಂದ ಕೇಟಿಲ್. ಗುಹೆಯ ಬಗ್ಗೆ ಅವನಿಗೆ ಅಕ್ಕರೆ ಇತ್ತು. ಭಯ ಇರಲಿಲ್ಲ.

ವಾಪಸ್ಸು ಬರುವಾಗ ಅವನು ಮುಂದೆ ಹೋಗಿ ಬಾಯಂಚಿನ ಕೆಳಗೆ, ಬಿಸಿಲು ಬೀಳುವ ಕಡೆ ನಿಂತ. ಮೇಲಿನಿಂದ ನೀರು ತೊಟ್ಟಿಕ್ಕುತ್ತಿತ್ತು. ಇಲ್ವಾಳತ್ತ ಕೈ ಚಾಚಿದ.

ಸದ್ದು ದೊಡ್ಡದೇನಲ್ಲ. ಮರದ ತುಂಡು ನೆಲಕ್ಕೆ ಬಿದ್ದ ಹಾಗೆ. ಕೇಟಿಲ್ ಮಾತಿಲ್ಲದೆ ಕುಸಿದ. ಸಿಡಿದ ಚೂರೊಂದು ಇಲ್ವಾಳ ಹೆಲ್ಮೆಟ್ಟಿಗೆ ಬಡಿದು ಅದರ ಅಂಚು ಸೀಳಿತು. ಅವಳಿಗೇನೂ ಆಗಲಿಲ್ಲ.

ತಲೆಗೆ ಪೆಟ್ಟು ಬಿದ್ದವರನ್ನು ಅಲುಗಿಸಬಾರದು ಎಂದು ಹಾಲ್ಬೇರಾಗೆ ಗೊತ್ತಿತ್ತು. ಆದರೆ ಮೇಲಿನಿಂದ ಇನ್ನೂ ಚೂರುಗಳು ಉದುರುತ್ತಿದ್ದವು. ಕತ್ತು ಅಲುಗದಂತೆ ಆದಷ್ಟು ಹಿಡಿದು ಅವನನ್ನು ಒಳಕ್ಕೆ ಎಳೆದಳು. ಗುಹೆಯಲ್ಲಿ ಫೋನು ಸಿಗುವುದಿಲ್ಲ. ಮಗಳನ್ನು ಹೊರಗೆ ಕಳಿಸಬೇಕೆಂದರೆ ಅದೇ ಅಂಚಿನ ಕೆಳಗೆ ಕಳಿಸಬೇಕು. ತನ್ನ ಸ್ವೆಟರು ಬಿಚ್ಚಿ ಅಣ್ಣನಿಗೆ ಹೊದಿಸಿದಳು, ಮಗಳನ್ನು ಮೈಗೆ ಒತ್ತಿಕೊಂಡು ಕೂತಳು.

"ಮಾಮ ಮಲಗಿದಾರಾ?"

"ಹೂಂ. ಮಾತಾಡಿಸ್ತಾ ಇರು."

ಅವಳಿಗೆ ಉಳಿದಿದ್ದ ಆಸರೆ ಒಂದೇ. ಎಷ್ಟು ಹೊತ್ತಿಗೆ ವಾಪಸ್ಸು ಎಂದು ಒಬ್ಬರಿಗೆ ಹೇಳಿ ಬಂದಿದ್ದಳು. ಮೂರೂವರೆ ದಾಟಿದ ಮೇಲೆ ಸ್ವಾನ್‌ಬೋರ್ಗ್‌ಳ ದನಿ ಕೇಳಿತು. ರಕ್ಷಣಾ ತಂಡ ಬಂತು. ಕತ್ತಲಾಗುವ ಮೊದಲು ಹೆಲಿಕಾಪ್ಟರು ಕೇಟಿಲ್‌ನನ್ನು ರಾಜಧಾನಿಯ ಆಸ್ಪತ್ರೆಗೆ ಒಯ್ದಿತು.

ಅವನು ಬದುಕಿದ. ಬಲಗೈ ಮಾತ್ರ ಹಿಡಿತ ಕಳೆದುಕೊಂಡಿತು. ನಡೆಯುವಾಗ ಒಂದು ಕಡೆಗೆ ವಾಲುತ್ತಾನೆ. ಮೇ ತಿಂಗಳಲ್ಲಿ ನೆರೆಯವರು ಸರದಿಯಲ್ಲಿ ಬಂದು ಕುರಿಮರಿ ತೆಗೆದರು. ಬದುಕಬಹುದಾಗಿದ್ದ ಕೆಲವು ಮರಿಗಳು ಸತ್ತವು.

ಆಸ್ಪತ್ರೆಯಲ್ಲಿ ಅವನಿಗೆ ಮಾತು ಮರಳಿದಾಗ ಹಾಲ್ಬೇರಾ ಹೇಳಿಬಿಟ್ಟಳು: "ಶೆಡ್ಡಿನಲ್ಲಿ ನಿನ್ನ ಹೆಲ್ಮೆಟ್ ಮೇಲೆ ಕೈಯಿಟ್ಟಿದ್ದೆ. ತರಲಿಲ್ಲ."

"ತಂದಿದ್ರೂ ಹಾಕ್ಕೊಳ್ತಿರಲಿಲ್ಲ," ಎಂದ ಕೇಟಿಲ್. ಆಮೇಲೆ ತಡೆದು ತಡೆದು ಹೇಳಿದ: "ಆದ್ರೂ ತರಬೇಕಿತ್ತು. ಬೈದು ಹಾಕಿಸಬೇಕಿತ್ತು. ಮನೆಗೆ ಹೋದ್ಮೇಲೆ ಬಾಗಿಲ ಹತ್ರ ಮೂರು ಮೊಳೆ ಹೊಡಿ. ಮೂರು ಹೆಲ್ಮೆಟ್. ಅವು ನಮ್ಮವು."

ಓದುವವರೇ, ಕೇಳುವವರೇ, ಗುಹೆ ನೋಡಲು ಖಂಡಿತ ಹೋಗಿ. ಹೋಗುವಾಗ ಹೆಲ್ಮೆಟ್ ಹಾಕಿಕೊಳ್ಳಿ, ನೆಲ ಹಿಡಿಯುವ ಬೂಟು ಹಾಕಿಕೊಳ್ಳಿ, ಬೆಚ್ಚಗಿರಿ, ಒಂದು ದೀಪ ಕೆಟ್ಟರೆ ಇನ್ನೊಂದು ಇರಲಿ. ಎಷ್ಟು ಹೊತ್ತಿಗೆ ವಾಪಸ್ಸೆಂದು ಹೊರಗಿರುವ ಒಬ್ಬರಿಗೆ ತಿಳಿಸಿ. ರಾತ್ರಿ ಹೆಪ್ಪುಗಟ್ಟಿ ಹಗಲು ಕರಗುವ ದಿನಗಳಲ್ಲಿ ಗುಹೆಯ ಬಾಯಲ್ಲಿ ನಿಲ್ಲಬೇಡಿ; ಮಾರ್ಗದರ್ಶಿ ಬೇಡ ಎಂದರೆ ಹೋಗಲೇ ಬೇಡಿ. ನಿಮ್ಮ ಜೊತೆ ಬರುವವರು ನಗಲಿ, ಮುನಿಸಿಕೊಳ್ಳಲಿ, ಅವರ ಹೆಲ್ಮೆಟ್ಟನ್ನೂ ತೆಗೆದುಕೊಂಡು ಹೋಗಿ.

ಆ ಸೆಪ್ಟೆಂಬರಿನಲ್ಲಿ, ಬೇಸಿಗೆಯಿಡೀ ಬೆಟ್ಟದಲ್ಲಿ ಮೇದ ಕುರಿಗಳನ್ನು ಇಳಿಸಲು, ಪ್ರತಿ ವರ್ಷ ಹೋಗುತ್ತಿದ್ದ ಕೇಟಿಲ್‌ನ ಬದಲು ಹ್ರೌನ್‌ಕೋಟ್‌ನಿಂದ ಹೋದವಳು ಹಾಲ್ಬೇರಾ. ಕೇಟಿಲ್ ಮನೆಯಲ್ಲೇ ಉಳಿದ.