ಎರಡು ಪಟ್ಟಿಗೂ ಸೇರದ ಅತ್ತೆ

ನಮ್ಮ ಕಣ್ಣಾಸ್ಪತ್ರೆಯ ಕಂಪ್ಯೂಟರಿಗೆ ನಿಯಮ ಬರೆದವನು ನಾನೇ. ಯಾರೂ ಕೇಳದಿದ್ದರೂ ಎರಡು ವರ್ಷದಿಂದ ಹೇಳಿಕೊಂಡು ತಿರುಗುತ್ತಿದ್ದೆ. ಒಳಗೆ ರೋಗಿಗಳ ಪಟ್ಟಿ ಎರಡು: ಅರವತ್ತರೊಳಗಿನವರದು ಒಂದು, ಅರವತ್ತು ತುಂಬಿದವರದು ಇನ್ನೊಂದು. ಕೌಂಟರಿನಾಕೆಗೆ ಮಾತ್ರ ಎರಡೂ ಸೇರಿ ಒಂದೇ ಪಟ್ಟಿಯಾಗಿ ಕಾಣುತ್ತಿತ್ತು. ಅದು ಬರೀ ನೋಟ, ತನ್ನದೆಂದು ಏನನ್ನೂ ಇಟ್ಟುಕೊಳ್ಳದು. ಆಕೆ ಅದರಲ್ಲಿ ಹೆಸರು ತುಂಬಿದರೆ ನನ್ನ ನಿಯಮ ವಯಸ್ಸು ನೋಡಿ ಆ ಪಟ್ಟಿಗೋ ಈ ಪಟ್ಟಿಗೋ ಕಳಿಸುತ್ತಿತ್ತು. ಎರಡಕ್ಕೂ ಸೇರದಿದ್ದರೆ ಏನು ಮಾಡಲಿ ಎಂದು ಕಂಪ್ಯೂಟರ್ ತಕರಾರು ತೆಗೆದಿತ್ತು. ಅರವತ್ತರ ಆಚೆಯೂ ಅಲ್ಲ, ಈಚೆಯೂ ಅಲ್ಲ ಅನ್ನುವ ಮನುಷ್ಯ ಎಲ್ಲಿರುತ್ತಾನೆ? 'ಏನೂ ಮಾಡಬೇಡ' ಎಂದು ಬರೆದು ಅದರ ಬಾಯಿ ಮುಚ್ಚಿಸಿದ್ದೆ.

ಅಂಥವರು ನಮ್ಮ ಮನೆಯಲ್ಲೇ ಇದ್ದರು: ನನ್ನ ಹೆಂಡತಿಯ ತಾಯಿ.

ಅತ್ತೆ ಟೈಲರ್. ಸೂಜಿಯ ಕಣ್ಣು ಕಾಣದೆ ಮೂರು ದಿನದಿಂದ ಹೊಲಿಗೆ ಮಷಿನ್ ಮುಚ್ಚಿಟ್ಟಿದ್ದರು. ಅಂದು ಬೆಳಿಗ್ಗೆ ಎಂಟಕ್ಕೇ ಆಸ್ಪತ್ರೆಗೆ ಬಂದಿದ್ದವರು, ಎರಡು ಗಂಟೆಗೆ ನಾನು ಊಟ ಮುಗಿಸಿ ಬಂದಾಗಲೂ ಬೆಂಚಿನ ಮೇಲೇ ಇದ್ದರು. ಡಾಕ್ಟರು ಮೂರಕ್ಕೆ ಹೊರಟರೆ ಮತ್ತೆ ಬರುವುದು ಮುಂದಿನ ತಿಂಗಳು.

"ಅಳಿಯಂದ್ರೇ, ನನ್ನ ಹಿಂದೆ ಬಂದೋರೆಲ್ಲ ತೋರಿಸ್ಕೊಂಡು ಹೋದ್ರು. ನಿಮ್ಮ ಕಂಪ್ಯೂಟರಿಗೂ ಕಣ್ಣು ಕಾಣಲ್ವಾ?"

ಹುಡುಕಿದೆ. ಎರಡು ಪಟ್ಟಿಯಲ್ಲೂ ಅತ್ತೆ ಇಲ್ಲ.

"ನಾನು ತುಂಬಿದೀನಿ ಸರ್, ತಪ್ಪು ಅಂತ ಏನೂ ಬರ್ಲಿಲ್ಲ," ಎಂದಳು ಕೌಂಟರಿನಾಕೆ. "ವಯಸ್ಸು ಮಾತ್ರ ಖಾಲಿ ಬಿಟ್ಟೆ. ಕೇಳಿದ್ದಕ್ಕೆ ಗದರಿಬಿಟ್ರು."

ಖಾಲಿ ಜಾಗ ಅರವತ್ತಕ್ಕಿಂತ ಕಡಿಮೆಯೂ ಅಲ್ಲ, ಹೆಚ್ಚೂ ಅಲ್ಲ. ಏನೂ ಮಾಡಬೇಡ ಎಂದಿದ್ದೆ. ಕಂಪ್ಯೂಟರ್ ಚಾಚೂ ತಪ್ಪದೆ ಏನೂ ಮಾಡಿರಲಿಲ್ಲ.

"ಅತ್ತೆ, ನಿಮ್ಮ ವಯಸ್ಸೆಷ್ಟು?"

ಬೆಂಚಿನಲ್ಲಿದ್ದವರೆಲ್ಲ ಕಿವಿ ನಿಮಿರಿಸಿದರು.

"ಮಗಳನ್ನ ಕೊಟ್ಟಾಗ ಅದನ್ನ ಕೇಳಿರ್ಲಿಲ್ಲ ನೀವು."

ಇವರ ಬಾಯಿ ಬಿಡಿಸುವುದಕ್ಕಿಂತ ಹೊಸ ನಿಯಮ ಬರೆಯುವುದೇ ವಾಸಿ ಎನಿಸಿತು. ವಯಸ್ಸು ಖಾಲಿಯಿದ್ದವರನ್ನು ಅರವತ್ತರೊಳಗಿನ ಪಟ್ಟಿಗೆ ಸೇರಿಸು ಎಂದು ಬರೆದೆ. ಇನ್ನೊಂದು ಪಟ್ಟಿಗೆ ಸೇರಿಸುವಷ್ಟು ಧೈರ್ಯ ನನಗಿರಲಿಲ್ಲ. ಕೌಂಟರಿನಾಕೆ ಅತ್ತೆಯ ಹೆಸರನ್ನು ಮತ್ತೊಮ್ಮೆ ತುಂಬಿದಳು. ಮೂರಕ್ಕೆ ಹತ್ತು ನಿಮಿಷವಿರುವಾಗ ಅವರನ್ನು ಒಳಗೆ ಕರೆದರು.

ಕನ್ನಡಕದ ಚೀಟಿ ಹಿಡಿದು ಹೊರಬಂದ ಅತ್ತೆಯೆದುರು ನಾನು ಮತ್ತೆ ಎದೆಯುಬ್ಬಿಸಿದೆ. "ಇನ್ಮೇಲೆ ಯಾರೂ ತಪ್ಪಿಹೋಗಲ್ಲ ಅತ್ತೆ."

"ಇನ್ಮೇಲೆ ಸರಿ. ಇಷ್ಟು ದಿನ ನನ್ನ ಹಾಗೆ ಕೂತಿದ್ದೋರು? ನಾನಾದ್ರೆ ನಿಮ್ಮತ್ತೆ, ಜಗಳ ಆಡಿದೆ. ಅವರು ಸುಮ್ನೆ ಎದ್ದು ಹೋಗಿರ್ತಾರೆ."

ನಾಚಿಕೆಯಿಂದ ನನ್ನ ತಲೆ ಮೇಲೇಳಲಿಲ್ಲ. ಕರೆದು ಕ್ಷಮೆ ಕೇಳೋಣವೆಂದರೆ ಒಬ್ಬರ ಹೆಸರೂ ಎಲ್ಲೂ ಉಳಿದಿರಲಿಲ್ಲ.