ಉಸಿರು ಹಿಡಿಯುವ ಕೂಸು

"ಬಿಡ ಅವನ್ನ! ಬಿಡ ಅಂದ್ರ ಬಿಡಬೇಕ, ಹಲ್ಕಟ್ ಮುಂಡೆ! ಗಾಡಿ ಸಪ್ಪಳ ಕೇಳ್ಸಲಿಲ್ಲೇನ ನಿನಗ? ಅವನ ತಾಯಿ ಗೇಟಿನಾಗ ಬಂದು ನಿಂತಾಳ!"

ಭುವನೇಶ್ವರಿಬಾಯಿ ಕೂಸಿನ ರಟ್ಟೆ ಹಿಡಿದು ಎಳೆದಳು. ಎರಡು ವರ್ಷದ ಕಿಶೋರ ಕಾಶವ್ವನ ಕುತ್ತಿಗೆಗೆ ಜೋತುಬಿದ್ದಿದ್ದ. ಕಾಶವ್ವ ಅವನ ಬೆರಳುಗಳನ್ನು ಒಂದೊಂದಾಗಿ ಬಿಡಿಸಿ ಬಾಯಿಯ ಕೈಗೆ ಕೊಟ್ಟು, ಹಿತ್ತಲ ಬಾಗಿಲು ದಾಟಿ, ಬಟ್ಟೆ ಒಗೆಯುವ ಕಲ್ಲಿನ ಹತ್ತಿರ ಹೋಗಿ ನಿಂತಳು. ತಾಯಂದಿರು ಬರುವ ಹೊತ್ತಿಗೆ ಅವಳು ಇರಬೇಕಾದ ಜಾಗ ಅದು.

ಪುಣೆಯ ಚಿಂಚವಾಡದ ಆ ಕಾಲನಿಯ ಕೆಳಗಿನ ಮನೆಯಲ್ಲಿ ಬಾಯಿ ಪಾಳಣಾಘರ ನಡೆಸುತ್ತಿದ್ದಳು. ಗಂಡ ಹೆಂಡತಿ ಇಬ್ಬರೂ ನೌಕರಿಗೆ ಹೋಗುವವರು ಬೆಳಿಗ್ಗೆ ಎಂಟಕ್ಕೆ ಕೂಸುಗಳನ್ನು ಬಿಟ್ಟು ಸಂಜೆ ಆರಕ್ಕೆ ಒಯ್ಯುತ್ತಿದ್ದರು. ಹನ್ನೊಂದು ಕೂಸುಗಳು. "ಎಲ್ಲಾ ನಾನೇ ಖುದ್ದ ನೋಡ್ಕೋತೀನಿ, ಊಟಾನೂ ನನ್ನ ಕೈಲೇ" ಎಂದು ಬಾಯಿ ತಾಯಂದಿರಿಗೆಲ್ಲ ಹೇಳಿದ್ದಳು. ಕೆಲಸದವಳೊಬ್ಬಳಿದ್ದಾಳೆ, ಹಿತ್ತಲಲ್ಲಿ ಲಂಗೋಟಿ ಒಗೆಯುತ್ತಾಳೆ, ಒಳಗೆ ಕಾಲಿಡುವುದಿಲ್ಲ ಎಂದೂ ಹೇಳಿದ್ದಳು. ಎಂಟು ಗಂಟೆಗೆ ಕೊನೆಯ ಗಾಡಿ ಹೋದ ಮೇಲೆ ಕದ ಮುಚ್ಚುತ್ತಿತ್ತು. ಆಮೇಲೆ ಬಾಯಿ ಫೋನಿನ ಪಕ್ಕ ಕೂಡುತ್ತಿದ್ದಳು, ಇಲ್ಲವೇ ಒಳಕೋಣೆಯಲ್ಲಿ ಮಲಗುತ್ತಿದ್ದಳು. ತಿನ್ನಿಸುವುದು, ತೊಳೆಯುವುದು, ತೊಡೆಯ ಮೇಲೆ ಹಾಕಿಕೊಂಡು ತಟ್ಟಿ ಮಲಗಿಸುವುದು, ಎಲ್ಲವನ್ನೂ ಮೂರು ವರ್ಷಗಳಿಂದ ಕಾಶವ್ವನೇ ಮಾಡುತ್ತಿದ್ದಳು.

ಹೊರಗೆ ಕಿಶೋರನ ತಾಯಿ ಆರತಿ ಮರಾಠಿಯಲ್ಲಿ ಕೇಳುತ್ತಿದ್ದದ್ದು ಕಲ್ಲಿನವರೆಗೂ ಕೇಳಿಸಿತು. ಮನೆಯಲ್ಲಿ ರಾತ್ರಿ ಎಲ್ಲ ಇವನು ಅವ್ವಾ ಅವ್ವಾ ಅಂತ ಅಳುತ್ತಾನೆ, ಯಾರದು ಅವ್ವಾ?

ಬಾಯಿ ನಕ್ಕಳು. "ನಾನೇರಿ! ನಮ್ಮ ಕನ್ನಡದಾಗ ಹಂಗ ಕರೀತಾರ" ಎಂಬುದನ್ನು ಮರಾಠಿಯಲ್ಲಿ ಹೇಳಿದಳು. ಆರತಿ ನಗಲಿಲ್ಲ. "ಮಲಾ ಆಯಿ ಮ್ಹಣತ ನಾಹೀ ತೋ" ಎಂದಳು. ನನ್ನನ್ನು ಅಮ್ಮ ಅನ್ನುವುದಿಲ್ಲ ಅವನು.

ಕಾಶವ್ವ ಒದ್ದೆ ಬಟ್ಟೆಯಲ್ಲಿ ಮುಖ ಮುಚ್ಚಿಕೊಂಡು ಸದ್ದಿಲ್ಲದೆ ನಕ್ಕಳು. ಆಮೇಲೆ ನಗು ಒಣಗಿತು. ಆ ತಾಯಿಯ ಸಂಕಟ ಅವಳಿಗೆ ಗೊತ್ತಿಲ್ಲದ್ದಲ್ಲ. ಸುರಪುರದ ಕಡೆಯ ಊರಲ್ಲಿ, ತನ್ನ ತಾಯಿ ಅವ್ವಮ್ಮನ ಹತ್ತಿರ ಬಿಟ್ಟುಬಂದ ಅವಳ ಮಗಳಿಗೆ ಈಗ ನಾಲ್ಕು ವರ್ಷ. ಹೋದ ಸಲ ಊರಿಗೆ ಹೋದಾಗ ಆ ಹುಡುಗಿ ಅಜ್ಜಿಯ ಸೀರೆಯ ಹಿಂದೆ ಅಡಗಿ, "ಪುಣೇದಾಕಿ ಯಾವಾಗ ಹೋಗ್ತಾಳ?" ಎಂದು ಕೇಳಿತ್ತು. ಅವತ್ತು ಕಾಶವ್ವನಿಗೆ ತನ್ನ ಹೆತ್ತ ತಾಯಿಯ ಮೋರೆ ನೋಡಲಾಗಿರಲಿಲ್ಲ.

ಗಾಡಿ ಹೋದ ಮೇಲೆ ಬಾಯಿ ಹಿತ್ತಲಿಗೆ ಬಂದಳು.

"ಅವ್ವ ಅನ್ನೂದು ಯಾರ ಕಲಿಸಿದ್ರು ಅವಗ?"

"ನಾ ಕಲಿಸಿಲ್ರಿ ಬಾಯಾರ. ತಾನ ಅಂತಾನ್ರಿ."

"ತಾನ ಅಂತಾನಂತ! ನೀ ಯಾವ ಕೇರಿಯಾಕಿ, ಯಾರ ಕೈ ತುತ್ತು ತಮ್ಮ ಮಕ್ಕಳ ಬಾಯಾಗ ಹೋಗಾಕತ್ತದ ಅಂತ ಒಬ್ಬಾಕಿಗಿ ಗೊತ್ತಾಗ್ಲಿ, ನಾಳೆ ಒಂದ ಕೂಸು ಉಳಿಯಂಗಿಲ್ಲ ಇಲ್ಲಿ. ನನ್ನ ಮನೀಗಿ ಮಣ್ಣ ಹಾಕ್ಬ್ಯಾಡ."

ಎಂಟು ದಿನದೊಳಗೆ ರೇಣು ಬಂದಳು.

ದೀಪಾವಳಿಯಿಂದಲೂ ಬಾಯಿ ಒಬ್ಬ ಅಸಿಸ್ಟಂಟ್ ಬೇಕು, ಅರ್ಧ ದಿನಕ್ಕಾದರೂ ಬೇಕು ಎನ್ನುತ್ತಲೇ ಇದ್ದಳು. ಒಳಗಿನ ಕೆಲಸ ಬಲ್ಲವರು ತನ್ನನ್ನು ಬಿಟ್ಟರೆ ಯಾರಿದ್ದಾರೆ, ತನ್ನನ್ನೇ ಒಳಗೆ ಮಾಡಿಕೊಂಡು ಹಿತ್ತಲಿಗೆ ಬೇರೆಯವಳನ್ನು ಇಟ್ಟುಕೊಳ್ಳುತ್ತಾಳೆ ಎಂದು ಕಾಶವ್ವ ಲೆಕ್ಕ ಹಾಕಿದ್ದಳು. ಗಂಡ ಹುಲಿಗೆಪ್ಪನಿಗೂ ಹೇಳಿದ್ದಳು. ಅವನು ಸೆಂಟ್ರಿಂಗ್ ಹಲಗೆ ಹೊತ್ತು ಬಾತುಕೊಂಡ ಹೆಗಲಿಗೆ ಎಣ್ಣೆ ತಿಕ್ಕಿಕೊಳ್ಳುತ್ತ, "ನಿನ್ನ ಯಾವಾಕಿ ಒಳಗ ಕರ್ಕೋತಾಳ, ಹುಚ್ಚರಂಡಿ" ಎಂದಿದ್ದ.

ಕರೆದುಕೊಂಡದ್ದು ರೇಣುವನ್ನು. ಹದಿನೆಂಟರ ಹುಡುಗಿ, ಇಸ್ತ್ರಿಯ ಚೂಡಿದಾರ, ಹಣೆಯಲ್ಲಿ ವಿಭೂತಿಯ ಸಣ್ಣ ಗೆರೆ. ಬಾಯಿ ಅವಳನ್ನು ಪಡಸಾಲೆಯಲ್ಲಿ ಕೂಡಿಸಿ ಚಹಾ ಕೊಟ್ಟು, ಕಾಶವ್ವನನ್ನು ಹೊಸ್ತಿಲತನಕ ಕರೆದಳು.

"ನಮ್ಮ ಪೈಕಿ ನಿಜಲಿಂಗಪ್ಪನವರ ಮಗಳು. ಮಧ್ಯಾಹ್ನ ಎರಡರಿಂದ ಆರರತನ ಬರ್ತಾಳ. ಮಂದಿ ಮುಂದ ನಿಲ್ಲಸಾಕ ಒಂದು ಮೋರೆ ಬೇಕಲ್ಲ. ತಿಂಗಳೊಪ್ಪತ್ತಿನಾಗ ಎಲ್ಲಾ ಕಲಿಸಿಬಿಡು."

"ಆಮ್ಯಾಲ ನಾನ್ರಿ?"

"ನಿಂದೇನದ? ಹಿತ್ತಲ ಎಲ್ಲಿ ಓಡಿಹೋಗ್ತದ?"

ಕಾಶವ್ವ ಕಲಿಸಿದಳು. ಹಾಲಿನ ಬಿಸಿಯನ್ನು ಬೆರಳದ್ದಿ ನೋಡುವುದಲ್ಲ, ಮುಂಗೈ ಮೇಲೆ ತೊಟ್ಟು ಬಿಟ್ಟುಕೊಂಡು ನೋಡಬೇಕು. ಕುಲಕರ್ಣಿಯವರ ಹುಡುಗಿ ಬಾಳೆಹಣ್ಣನ್ನು ಎಡಗಲ್ಲದಲ್ಲಿ ಇಟ್ಟುಕೊಂಡೇ ನಿದ್ದೆ ಹೋಗುತ್ತದೆ, ಮಲಗಿಸುವ ಮುಂಚೆ ಬಾಯಲ್ಲಿ ಬೆರಳಾಡಿಸಬೇಕು. ಸ್ಕೂಟರಿನ ಮೇಲೆ ಬರುವ ಸಾಳವೆಯವರ ಹುಡುಗನಿಗೆ ಬಲಗಿವಿ ಸೋರುತ್ತದೆ, ಆ ಮಗ್ಗುಲಿಗೆ ಹೊರಳಿಸಬಾರದು. ಅವಳಿ ಕೂಸುಗಳಲ್ಲಿ ಒಂದು ಹಸಿವಿಗೆ ಅತ್ತರೆ ಇನ್ನೊಂದು ಅದನ್ನು ನೋಡಿ ಅಳುತ್ತದೆ, ಮೊದಲು ಅತ್ತದ್ದಕ್ಕೆ ಮಾತ್ರ ಹಾಲು. ಎಲ್ಲವನ್ನೂ ಬಾಯಿಮಾತಲ್ಲಿ, ಹೊಸ್ತಿಲ ಆಚೆ ಕುಕ್ಕರುಗಾಲಲ್ಲಿ ಕೂತು ಹೇಳಬೇಕಿತ್ತು. ರೇಣು ಬಂದ ದಿನದಿಂದ ಎರಡು ಗಂಟೆಯ ಮೇಲೆ ಕಾಶವ್ವ ಒಳಗೆ ಬರುವಂತಿರಲಿಲ್ಲ.

ಮೊದಲ ದಿನಗಳಲ್ಲಿ ಕೂಸುಗಳು ರೇಣುವಿನ ಕೈಯಲ್ಲಿ ಚೀರಾಡಿದವು. ಕಾಶವ್ವ ಒಗೆಯುವ ಕಲ್ಲಿನ ಹತ್ತಿರ ಕಿವಿ ನಿಮಿರಿಸಿ ಕೂತು ಯಾವ ಕೂಸು ಎಷ್ಟು ಹೊತ್ತು ಅತ್ತಿತು ಎಂದು ಕೇಳಿಸಿಕೊಂಡಳು. ಆ ದಿನಗಳಲ್ಲಿ ಅವಳಿಗೆ ರೊಟ್ಟಿ ರುಚಿಸಿತು.

ಹುಡುಗಿ ಕೆಟ್ಟವಳಾಗಿದ್ದರೆ ಎಷ್ಟೋ ಹಗುರಾಗುತ್ತಿತ್ತು. "ಕಾಶಕ್ಕಾ, ನೀ ಹೆಂಗ ಎತ್ಕೋತಿದ್ದಿ ತೋರಸವಾ" ಎಂದು ಹೊಸ್ತಿಲಿಗೆ ಬರುತ್ತಿದ್ದಳು. ಬಾಯಿ ಮಲಗಿದ್ದಾಗ ತನ್ನ ಪಾಲಿನ ಬಿಸ್ಕೀಟನ್ನು ಚಾಚುತ್ತಿದ್ದಳು. ಆದರೆ ಕೊಡುವಾಗ ಎರಡು ಗೇಣು ಮೇಲಿನಿಂದ, ಅಂಗೈಗೆ ತಾಗದ ಹಾಗೆ ಬೀಳಿಸುತ್ತಿದ್ದಳು. ಅದು ಅವಳಿಗೆ ಗೊತ್ತೂ ಇರಲಿಲ್ಲ.

ಹತ್ತನೆಯ ದಿನ ಒಳಗಿನಿಂದ ಕಿಶೋರ ನಗುವುದು ಕೇಳಿಸಿತು. ಕಾಶವ್ವ ಕಿಟಕಿಯ ಸರಳಿಗೆ ಮುಖ ಹಚ್ಚಿ ನೋಡಿದಳು. ಅವನು ರೇಣುವಿನ ಮಡಿಲಲ್ಲಿ ಕೂತು ಅವಳ ಬಳೆಗಳನ್ನು ಮೇಲೆ ಕೆಳಗೆ ಸರಿಸುತ್ತಿದ್ದ. ಏಳು ತಿಂಗಳ ಕೂಸಾಗಿ ಬಂದವನು. ಇವಳ ತೋಳಲ್ಲೇ ಹಲ್ಲು ಬಂದವನು. ಕಾಶವ್ವ ಕಲ್ಲಿಗೆ ಮರಳಿದಳು. ಬಟ್ಟೆಯನ್ನು ಕಲ್ಲಿಗೆ ಹೊಡೆದ ಹೊಡೆತಕ್ಕೆ ಲಂಗೋಟಿ ಹರಿಯಿತು. ಬಾಯಿ ಒಳಗಿನಿಂದಲೇ "ಏನ ನಿಮ್ಮಪ್ಪನ ಗಳಿಕೇನ ಅದು, ಭೋಸಡಿ?" ಎಂದು ಬೈದಳು.

ಸಂಜೆ ರೇಣು ಕೇಳಿದಳು. "ಕಿಶೋರಂದು ಇನ್ನೇನರ ಹೇಳೂದು ಉಳದದೇನ ಕಾಶಕ್ಕಾ?"

"ಇಲ್ಲ. ಎಲ್ಲಾ ಹೇಳೀನಿ" ಎಂದಳು ಕಾಶವ್ವ.

ಒಂದು ಉಳಿದಿತ್ತು. ಕಿಶೋರ ಸಿಟ್ಟು ಬಂದು ಅತ್ತರೆ ಮೊದಲ ಕೂಗಿಗೇ ಉಸಿರು ಹಿಡಿಯುತ್ತಿದ್ದ. ಕೂಸಿನ ಬಾಯಿ ತೆರೆದೇ ಇರುತ್ತಿತ್ತು, ದನಿ ಇರುತ್ತಿರಲಿಲ್ಲ, ತುಟಿ ನೇರಳೆಯಾಗುತ್ತಿತ್ತು. ಕೂಡಲೇ ಅಂಗಾತ ಮಲಗಿಸಿ ಮೋರೆಗೆ ಜೋರಾಗಿ ಊದಿದರೆ ಉಸಿರು ತಿರುಗುತ್ತಿತ್ತು. ವರ್ಷದ ಹಿಂದೆ ಮೊದಲ ಸಲ ಹಾಗಾದಾಗ ಕಾಶವ್ವ ಬಾಯಿಗೆ ಹೇಳಿದ್ದಳು. "ಅವನ ತಾಯಿಗಿ ಹೇಳೀಯ, ಜ್ವಾಕಿ! ನಾಳೆನ ಬಿಡಿಸಿಕೊಂಡು ಹೋಗ್ತಾಳ. ಅಲ್ಲದ ನೀ ಮುಟ್ಟೀದಿ ಅಂತ ಆಕಿಗಿ ಏನಂತ ಹೇಳ್ಲಿ?" ಎಂದು ಬಾಯಿ ಗದರಿ, ತಾನೂ ಮರೆತಿದ್ದಳು. ಆಮೇಲೆ ನಾಲ್ಕು ಸಲ ಆಗಿತ್ತು. ನಾಲ್ಕು ಸಲವೂ ಕಾಶವ್ವನೇ ಊದಿದ್ದಳು. ಹೆತ್ತವಳಿಗೂ ಗೊತ್ತಿಲ್ಲದ್ದು ಅವಳಿಗೆ ಗೊತ್ತಿತ್ತು. ಅದನ್ನೂ ಆ ಬಳೆಯವಳಿಗೆ ಕೊಟ್ಟರೆ ತನಗೇನು ಉಳಿಯುತ್ತದೆ?

ಮೂರು ದಿನ ಕಳೆದಿತ್ತು. ಮಧ್ಯಾಹ್ನ ಬಾಯಿ ಫ್ಯಾನ್ ಹಾಕಿಕೊಂಡು ಒಳಕೋಣೆಯಲ್ಲಿ ಮಲಗಿದ್ದಳು. ಪಡಸಾಲೆಯಲ್ಲಿ ಚೆಂಡಿಗಾಗಿ ಜಗಳವಾಯಿತು. ರೇಣು ಕಿಶೋರನ ಕೈಯಿಂದ ಚೆಂಡು ಕಸಿದು ಇನ್ನೊಬ್ಬನಿಗೆ ಕೊಟ್ಟಳು. ಕಿಶೋರ ಕಿರುಚಿದ. ಕಿರುಚಿದ್ದು ನಡುವೆಯೇ ಕಡಿದಂತೆ ನಿಂತಿತು.

ಕಲ್ಲಿನ ಹತ್ತಿರ ಕಾಶವ್ವನ ಕೈ ನಿಂತಿತು. ಅವಳಿಗೆ ಗೊತ್ತಾಯಿತು. ಎದ್ದಳು. ಎದ್ದವಳು ಅಲ್ಲೇ ನಿಂತಳು. ಒಳಗೆ ಬರಬೇಡ ಅಂದಿದ್ದಾರಲ್ಲ. ನೋಡಲಿ. ಚಂದದ ಮೋರೆಯವಳು ಏನು ಮಾಡುತ್ತಾಳೋ ನೋಡಲಿ.

"ಕಿಶೋರಾ... ಏ ಕಿಶೋರಾ..." ರೇಣುವಿನ ದನಿ ಒಡೆಯಿತು. "ಕಾಶಕ್ಕಾ! ಕಾಶಕ್ಕಾ, ಸತ್ತಿತವಾ ಕೂಸು!"

ಕಾಶವ್ವ ಓಡಿದಳು. ಕೈಯ ಸೋಪಿನ ನೊರೆ ಪಡಸಾಲೆಯ ತುಂಬ ಬಿತ್ತು. ಕೂಸು ರೇಣುವಿನ ತೋಳಲ್ಲಿ ಜೋತುಬಿದ್ದಿತ್ತು, ಮೋರೆ ಎಲ್ಲ ನೀಲಿ, ಕಣ್ಣು ಮೇಲೆ ಸಿಕ್ಕಿಕೊಂಡಿತ್ತು. ಹಿಂದೆಂದೂ ಇಷ್ಟು ಹೊತ್ತು ಹೋಗಿರಲಿಲ್ಲ. ನೆಲಕ್ಕೆ ಹಾಕಿ ಊದಿದಳು. ಇಲ್ಲ. ಇನ್ನೊಮ್ಮೆ ಊದಿದಳು. ಇಲ್ಲ. "ಉಸುರು ಬಿಡೋ ಬಾಡ್ಕೋ, ನನ್ನಪ್ಪಾ, ಬಿಡೋ!" ಎಂದು ಮೂರನೆಯ ಸಲ ಊದಿದಾಗ ಕೂಸಿನ ಎದೆ ಮೇಲೆದ್ದು, ಕರ್ರ್ ಎಂದು ಗಾಳಿ ಒಳಗೆ ಹೋಗಿ, ಅಳು ಹೊರಗೆ ಬಂತು.

ಬಾಯಿ ಬಾಗಿಲಲ್ಲಿ ನಿಂತಿದ್ದಳು. ಅವಳ ಮೊದಲ ಮಾತು, "ಒಳಗ ಯಾಕ ಬಂದಿ?"

ರೇಣು ಗೋಡೆಗೆ ಆತು ನಿಂತಿದ್ದಳು. "ಇದು ಹಿಂಗ ಆಗ್ತದಂತ ನಂಗ್ಯಾಕ ಹೇಳ್ಲಿಲ್ಲ ಕಾಶಕ್ಕಾ? ನಾ ಕೇಳಿದ್ನಲ್ಲ?"

"ಹೊಟ್ಟೆಕಿಚ್ಚಿಗಿ" ಎಂದಳು ಕಾಶವ್ವ. ಕೂಸನ್ನು ಎದೆಗೆ ಒತ್ತಿಕೊಂಡಿದ್ದಳು. "ನಿನ್ನ ತೊಡಿ ಮ್ಯಾಲ ಅಂವ ನಕ್ಕ. ಅದಕ್ಕ ಹೇಳ್ಲಿಲ್ಲ."

ಬಾಯಿಗೆ ವಿಷಯ ತಿಳಿಯಲು ತುಸು ಹೊತ್ತು ಹಿಡಿಯಿತು. ತಿಳಿದ ಮೇಲೆ ಮುಂಬಾಗಿಲ ಅಗುಳಿ ಹಾಕಿದಳು. "ಏನೂ ಆಗಿಲ್ಲ. ತಿಳೀತಿಲ್ಲೋ? ಯಾರೂ ಬಾಯಿ ಬಿಡಬ್ಯಾಡ್ರಿ. ರೇಣು, ಮೋರೆ ತೊಳ್ಕೋ. ಅದಕ್ಕ ಬ್ಯಾರೆ ಅಂಗಿ ಹಾಕು. ಏ, ನೀ ಹೊರಗ ನಡಿ."

ಕಾಶವ್ವ ಹೊರಗೆ ಹೋದಳು. ಉಳಿದ ಬಟ್ಟೆ ಒಗೆದು ಹಗ್ಗಕ್ಕೆ ಹಾಕಿದಳು. ತಾನು ನಿಂತ ಆ ಅರೆಗಳಿಗೆ ಕಣ್ಣಮುಂದಿನಿಂದ ಸರಿಯಲಿಲ್ಲ. ನಾಳೆ ಆ ಕೂಸು ತನ್ನ ಮನೆಯಲ್ಲೇ ಉಸಿರು ಹಿಡಿದರೆ? ತಾಯಿ ಹೀಗೇ ಹೆಸರು ಕೂಗುತ್ತ ಕೂತರೆ?

ಆರಕ್ಕೆ ಆರತಿಯ ಗಾಡಿಯ ಸದ್ದು ಕೇಳಿತು. ಕಾಶವ್ವ ಸೆರಗು ಸೊಂಟಕ್ಕೆ ಸಿಕ್ಕಿಸಿ ಹಿತ್ತಲ ಬಾಗಿಲಿಂದ ಒಳಗೆ ಬಂದಳು. ಪಡಸಾಲೆ ದಾಟಿದಳು. "ಏ, ಏ, ಎತ್ತ ಹೊಂಟಿ?" ಎಂದು ಬಾಯಿ ಹಿಡಿಯಹೋದ ಸೆರಗು ಕೈಗೆ ಹತ್ತಲಿಲ್ಲ. ಮೂರು ವರ್ಷಗಳಲ್ಲಿ ಮೊದಲ ಸಲ ಮುಂಬಾಗಿಲಿಂದ ಹೊರಬಿದ್ದು ಗೇಟಿಗೆ ಹೋದಳು.

ಆರತಿ ಹೆಲ್ಮೆಟ್ ತೆಗೆಯುತ್ತ ನೋಡಿದಳು. "ಕೋಣ ಗ ತೂ?" ಯಾರೇ ನೀನು?

"ಮೀ ಅವ್ವಾ" ಎಂದಳು ಕಾಶವ್ವ. ನಾನು ಅವ್ವ.

ಆರತಿಯ ಕೈ ಹೆಲ್ಮೆಟ್ಟಿನ ಮೇಲೆಯೇ ಉಳಿಯಿತು. ಕಾಶವ್ವ ತನಗೆ ಬರುವ ಹರಕು ಮರಾಠಿಯಲ್ಲಿ ಒಂದೇ ಉಸಿರಿಗೆ ಹೇಳಿದಳು. ಕೂಸು ಉಸಿರು ಹಿಡಿಯುತ್ತದೆ. ಇವತ್ತು ಹಿಡಿದಿತ್ತು, ಬಹಳ ಹೊತ್ತು ಹಿಡಿದಿತ್ತು. ಗಾಬರಿಯಾಗಬಾರದು, ಅಲುಗಾಡಿಸಬಾರದು. ದವಾಖಾನೆಗೆ ತೋರಿಸು. ಆದರೆ ಆ ಗಳಿಗೆಗೆ ಹೀಗೆ ಮಾಡಬೇಕು. ಮರಾಠಿ ಸಾಲದಾಯಿತು. ಸೋಪಿಗೆ ಸುಕ್ಕುಗಟ್ಟಿದ ಕೈಯಿಂದ ಆರತಿಯ ಗಲ್ಲ ಹಿಡಿದು ತನ್ನತ್ತ ತಿರುಗಿಸಿ ಅವಳ ಮೋರೆಗೆ ಫೂ ಎಂದು ಊದಿದಳು.

ಆರತಿಯ ಮುಂಗೂದಲು ಹಾರಿತು. ಅವಳು ಹಿಂದೆ ಸರಿಯಲಿಲ್ಲ. "ಕಧೀಪಾಸೂನ?" ಎಂದಳು. ಯಾವಾಗಿನಿಂದ?

"ಏಕ ವರ್ಷ."

ಆರತಿ ಕೈ ಎತ್ತಿ ಅವಳ ಕೆನ್ನೆಗೆ ಹೊಡೆದಳು. ಕಾಶವ್ವ ಕೆನ್ನೆ ಮುಟ್ಟಿಕೊಳ್ಳಲಿಲ್ಲ, ಕಣ್ಣು ಕೆಳಗೆ ಹಾಕಲಿಲ್ಲ. ಆರತಿ ಒಳಗೆ ನುಗ್ಗಿ, ಏನೋ ಹೇಳಲು ಬಂದ ಬಾಯಿಯನ್ನು ಬದಿಗೆ ದೂಡಿ, ರೇಣುವಿನ ಕೈಯಿಂದ ಕೂಸನ್ನು ಕಿತ್ತುಕೊಂಡು ಹೊರಟಳು. ತಾಯಿಯ ಹೆಗಲ ಮೇಲಿನಿಂದ ಕೂಸು ಕಾಶವ್ವನ ಕಡೆಗೆ ಎರಡೂ ಕೈ ಚಾಚಿತು. ಕಾಶವ್ವ ತನ್ನ ಕೈಗಳನ್ನು ಸೆರಗಿನಲ್ಲಿ ಸುತ್ತಿಕೊಂಡು ನಿಂತಳು. ಗಾಡಿ ತಿರುವಿನಲ್ಲಿ ಮರೆಯಾಯಿತು.

"ರಂಡೇ! ಉಂಡ ಮನೀಗಿ ಬೆಂಕಿ ಇಟ್ಟೆಲ್ಲ!" ಬಾಯಿ ಗೇಟು ಬಡಿದಳು. "ನಾಳೆ ಇತ್ತ ಮೋರೆ ತೋರಿಸಿದ್ರ ಕಾಲ ಮುರೀತೀನಿ."

ಮರುದಿನ ಎಂಟು ಗಂಟೆಗೆ ಕಾಶವ್ವ ಗೇಟಿನ ಹೊರಗೆ ರಸ್ತೆಯಲ್ಲಿ ನಿಂತಿದ್ದಳು. ಹುಲಿಗೆಪ್ಪ ಮತ್ತೆ ಅಲ್ಲಿಗೆ ಹೋಗಬೇಡವೆಂದು ರಾತ್ರಿ ಹೊಡೆದದ್ದೂ ಸೇರಿ ಮೋರೆ ಒಂದು ಬದಿ ಊದಿಕೊಂಡಿತ್ತು. ಬಾಯಿ ಬಾಗಿಲಿಂದ ಕೂಗಿದಳು. "ಪೊಲೀಸರಿಗಿ ಫೋನ್ ಮಾಡ್ತೀನಿ ನೋಡ!"

"ಮಾಡ್ರಿ. ರಸ್ತಾ ನಿಮ್ಮಪ್ಪಂದಲ್ಲ."

ಕುಲಕರ್ಣಿಯವರ ಹುಡುಗಿಯನ್ನು ಎತ್ತಿಕೊಂಡು ಅವಳ ತಾಯಿ ಮೊದಲು ಬಂದಳು. ಕಾಶವ್ವ ಎದುರು ಹೋಗಿ, ನಿಮ್ಮ ಕೂಸು ಬಾಯಲ್ಲಿ ಹಣ್ಣಿಟ್ಟುಕೊಂಡು ಮಲಗುತ್ತದೆ, ಎಡಗಲ್ಲ ನೋಡಿರಿ, ಅದಕ್ಕೆ ಉಣ್ಣಿಸುತ್ತಿದ್ದವಳು ನಾನು, ಎಂದಳು. ಆ ಹೆಂಗಸು ಮೂಗಿಗೆ ಸೆರಗು ಹಿಡಿದು, ಅವಳನ್ನು ಬಳಸಿಕೊಂಡು ಒಳಗೆ ಹೋದಳು. ಅವಳಿ ಕೂಸುಗಳ ಅಜ್ಜಿ ನಿಂತು ಎಲ್ಲ ಕೇಳಿಸಿಕೊಂಡಳು, "ನೀ ಯಾವ ಜಾತಿಯವಳು?" ಎಂದಳು, ಉತ್ತರ ಕೇಳಿ ಇಬ್ಬರನ್ನೂ ಹಿಂದಕ್ಕೆ ಕರೆದುಕೊಂಡು ಹೋದಳು.

ಸಾಳವೆಯವರ ಸ್ಕೂಟರು ಬಂತು. ಮುಂದೆ ನಿಂತಿದ್ದ ಹುಡುಗ ಇವಳನ್ನು ಕಂಡದ್ದೇ ಕುಣಿದಾಡಿದ. ಅವನ ಅಪ್ಪ ಊದಿದ ಅವಳ ಮೋರೆಯನ್ನೂ ಬಾಗಿಲಲ್ಲಿ ನಿಂತ ಬಾಯಿಯನ್ನೂ ನೋಡಿದ. ಬಾಯಿ ಅಲ್ಲಿಂದಲೇ ಕೈಬೀಸಿ ಕರೆಯುತ್ತಿದ್ದಳು.

ಅವನು ಎಂಜಿನ್ ಬಂದ್ ಮಾಡಿದ.

"ಕಾಯ?" ಎಂದ. ಏನು?

ಕಾಶವ್ವ ಹುಡುಗನ ಬಲಗಿವಿಯನ್ನು ಮುಟ್ಟಿ ತೋರಿಸಿದಳು.